ಟೆಕ್ ಡೈವಿಂಗ್‌ಗೆ ಹೋಗೋಣವೇ, 40 ಮೀಟರಿನೊಳಗೇ ಇರೋಣವೇ?

(ಬೆಂಗಳೂರಿನಲ್ಲಿ ಸ್ಕೂಬಾ ಡೈವಿಂಗ್ ಗೆಳೆಯರ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯಲ್ಲಿ ಮೊದಲ ಸಲ ನೀರಿಗಿಳಿದವರು. ಆಮೇಲೆ ಅಂಡಮಾನ್‌ಗೆ ಹೋದಿರಿ, ಓಪನ್ ವಾಟರ್ ಕೋರ್ಸ್ ಮುಗಿಸಿದಿರಿ, ಅಡ್ವಾನ್ಸ್ಡ್ ಮುಗಿಸಿದಿರಿ. ಕೆಲವರ ಹತ್ತಿರ ರೆಸ್ಕ್ಯೂ ಕಾರ್ಡೂ ಇದೆ. ಅಷ್ಟು ದೂರ ಬಂದವರಿಗೆ ಒಂದು ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಮುಂದೆ ಟೆಕ್ನಿಕಲ್ ಡೈವಿಂಗ್ ಕಲಿಯಬೇಕಾ?

ಕೇಳುವವರು ಇದನ್ನು ಮೂರನೇ ಕ್ಲಾಸು ಪಾಸಾಗಿ ನಾಲ್ಕನೇ ಕ್ಲಾಸಿಗೆ ಹೋದ ಹಾಗೆ ಅಂದುಕೊಂಡಿರುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ವರ್ಷಗಟ್ಟಲೆ ಹವಳದ ದಿಬ್ಬಗಳ ಮೇಲೆ ಸುಖವಾಗಿ ಡೈವ್ ಮಾಡಿಕೊಂಡಿರುವವರು ಯಾರಿಗಿಂತಲೂ ಕೆಳಗಿನ ಕ್ಲಾಸಿನಲ್ಲಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟು. ಹೋಗುವುದಾದರೆ ಪೂರ್ತಿ ಹೋಗಿ. ಬೇಡ ಅನ್ನಿಸಿದರೆ 40 ಮೀಟರಿನೊಳಗೆ ನೆಮ್ಮದಿಯಾಗಿರಿ. ಜನ ಸಾಯುತ್ತಿರುವುದು ಹೆಚ್ಚಾಗಿ ಇವೆರಡರ ನಡುವೆ, ಅರ್ಧ ತಯಾರಿಯಲ್ಲಿ ಪೂರ್ತಿ ಆಳಕ್ಕೆ ಇಳಿದಾಗ.

ನಾವು ಮಾಡುವ ಮಾಮೂಲಿ ಡೈವಿಂಗ್‌ಗೆ ಮೂರು ಬೇಲಿಗಳಿವೆ. 40 ಮೀಟರಿಗಿಂತ ಕೆಳಗೆ ಹೋಗುವಂತಿಲ್ಲ. ಡೆಕೊ, ಅಂದರೆ ದೇಹದಲ್ಲಿ ಕರಗಿದ ಗ್ಯಾಸ್ ಹೊರಹೋಗಲು ನಡುನಡುವೆ ನಿಂತು ಮೇಲೆ ಬರುವುದು, ಮಾಡಬೇಕಾಗುವಷ್ಟು ಹೊತ್ತು ಕೆಳಗಿರುವಂತಿಲ್ಲ. ತಲೆಯ ಮೇಲೆ ಗುಹೆಯ ಚಾವಣಿ, ಹಡಗಿನ ಒಳಕೋಣೆ ಇರುವಂತಿಲ್ಲ. ಮೂರೂ ಸೇರಿ ನಮಗೆ ಒಂದೇ ಭರವಸೆ ಕೊಡುತ್ತವೆ: ಏನಾದರೂ ಕೆಟ್ಟರೆ, ನಿಧಾನವಾಗಿ, ಉಸಿರಾಡುತ್ತಾ, ನೇರವಾಗಿ ಮೇಲಕ್ಕೆ ಹೋಗಬಹುದು. ಇವುಗಳಲ್ಲಿ ಯಾವ ಬೇಲಿ ದಾಟಿದರೂ ಆ ಭರವಸೆ ಹೋಗುತ್ತದೆ. ಆಮೇಲೆ ಏನೇ ಕೆಟ್ಟರೂ ಅಲ್ಲೇ, ನೀರಿನೊಳಗೇ ಸರಿ ಮಾಡಿಕೊಳ್ಳಬೇಕು. ಟೆಕ್ ಡೈವಿಂಗ್‌ನ ಎಲ್ಲಾ ಸಾಮಾನು, ಎಲ್ಲಾ ತರಬೇತಿ ಹುಟ್ಟಿರುವುದು ಈ ಒಂದು ಕಾರಣದಿಂದ.

ಸುಮ್ನೆ ಮಾತಿನಲ್ಲಿ ಹೇಳಿದರೆ ಇದು ತಲೆಗೆ ಹೋಗುವುದಿಲ್ಲ. ಒಂದು ನಿಜವಾದ ಜಾಗ ಇಟ್ಟುಕೊಂಡು ಲೆಕ್ಕ ಹಾಕೋಣ. ನಮಗೆ ತುಂಬಾ ದೂರವೂ ಅಲ್ಲ. ಶ್ರೀಲಂಕಾದ ಪೂರ್ವ ಕರಾವಳಿಯ ಬಟ್ಟಿಕಲೋವಾ ಹತ್ತಿರ ಸಮುದ್ರದ ತಳದಲ್ಲಿ ಎಚ್‌ಎಂಎಸ್ ಹರ್ಮಿಸ್ ಎಂಬ ಬ್ರಿಟಿಷ್ ಯುದ್ಧನೌಕೆ ಮಲಗಿದೆ. ವಿಮಾನ ಹೊರಲೆಂದೇ ನಕ್ಷೆ ಹಾಕಿದ ಮೊದಲ ಹಡಗು ಅದು. 1942ರ ಏಪ್ರಿಲ್ 9ರಂದು ಜಪಾನಿನ ವಿಮಾನಗಳು ಅದನ್ನು ಮುಳುಗಿಸಿದವು. 307 ಜನ ಸತ್ತರು. ತಳ ಸುಮಾರು 53 ಮೀಟರ್. ಹಡಗಿನ ಮೇಲ್ಭಾಗ ಕೂಡ 40ರ ಆಚೆಗೇ ಇದೆ. "ನಾನು ಹರ್ಮಿಸ್ ನೋಡಲೇಬೇಕು, ಅದಕ್ಕಾಗಿ ಟೆಕ್ ಕಲೀಬೇಕು" ಅಂತ ಯಾರಾದರೂ ಬಂದರೆ ನನಗೆ ಖುಷಿಯಾಗುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಲೆಕ್ಕ.

50 ಮೀಟರಿನಲ್ಲಿ ಒತ್ತಡ ನೀರಿನ ಮೇಲಿರುವುದರ 6 ಪಟ್ಟು. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು ಅಲ್ಲಿ ನಿಮಿಷಕ್ಕೆ 120 ಲೀಟರ್ ಎಳೆಯುತ್ತಾರೆ. 12 ಲೀಟರ್ ಟ್ಯಾಂಕಿನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದ್ದರೆ ಒಟ್ಟು 2400 ಲೀಟರ್. ಅಂದರೆ 20 ನಿಮಿಷಕ್ಕೆ ಟ್ಯಾಂಕು ಪೂರ್ತಿ ಖಾಲಿ. ಮೇಲೆ ಬರಲು ಒಂದು ಉಸಿರೂ ಉಳಿದಿಲ್ಲ.

ಆದ್ದರಿಂದ ಎರಡು ಟ್ಯಾಂಕು ಜೋಡಿಸಿದ ಟ್ವಿನ್‌ಸೆಟ್ ಬೇಕು. ಒಟ್ಟು 4800 ಲೀಟರ್. ಹಾಗಾದರೆ 40 ನಿಮಿಷ ಇರಬಹುದು ಅಂತ ಅಂದುಕೊಳ್ಳಬೇಡಿ. ಟೆಕ್ ಡೈವರ್ ಮೊದಲು ಹಾಕುವ ಲೆಕ್ಕವೇ ಬೇರೆ. ಡೈವ್‌ನ ಕೊನೇ ನಿಮಿಷದಲ್ಲಿ, ಅತಿ ಆಳದಲ್ಲಿ, ನನ್ನ ಜೊತೆಗಾರನ ಗ್ಯಾಸ್ ಪೂರ್ತಿ ಹೋಯಿತು ಅಂದುಕೊಳ್ಳೋಣ. ಇಬ್ಬರೂ ಗಾಬರಿಯಲ್ಲಿದ್ದೇವೆ. ಒಬ್ಬೊಬ್ಬರು ನಿಮಿಷಕ್ಕೆ 30 ಲೀಟರ್, ಇಬ್ಬರಿಗೆ 60. ವಿಷಯ ಅರ್ಥ ಮಾಡಿಕೊಂಡು ಹೊರಡಲು 2 ನಿಮಿಷ: 60 ಗುಣಿಸು 6 ಗುಣಿಸು 2, ಅಂದರೆ 720 ಲೀಟರ್. ಅಲ್ಲಿಂದ 21 ಮೀಟರಿಗೆ ಬಂದು ಬೇರೆ ಬಾಟಲಿಗೆ ಬದಲಾಯಿಸಲು 4 ನಿಮಿಷ: ಸುಮಾರು 1100 ಲೀಟರ್. ಒಟ್ಟು 1800ರ ಆಸುಪಾಸು. ಟ್ವಿನ್‌ಸೆಟ್‌ನಲ್ಲಿ ಅದು 75 ಬಾರ್. ಆ 75 ಬಾರ್ ನನ್ನದಲ್ಲ, ಜೊತೆಗಾರನದು. ಗೇಜು 75 ತೋರಿಸಿದ ಕ್ಷಣ, ಎದುರಿಗೆ ಎಂಥ ಸೊಗಸಾದ ನೋಟ ಇದ್ದರೂ ಹೊರಡಬೇಕು.

ನಿಮ್ಮ ಮಾಮೂಲಿ ಡೈವ್‌ಗಳಲ್ಲಿ ಈ ಲೆಕ್ಕ ಎಷ್ಟು ಸಲ ಹಾಕಿದ್ದೀರಿ? 30 ಮೀಟರಿಗೆ ಇಳಿಯುವ ಡೈವ್‌ಗೂ ಇದೇ ಲೆಕ್ಕ ಹಾಕಬಹುದು. ಹಾಕಿದರೆ ಎಷ್ಟೋ ಡೈವ್‌ಗಳಲ್ಲಿ "50 ಬಾರ್ ಉಳಿದಾಗ ಮೇಲೆ ಬನ್ನಿ" ಅನ್ನುವ ಮಾತು ಸಾಲದು ಅಂತ ಗೊತ್ತಾಗುತ್ತದೆ. ಇಂಥ ಲೆಕ್ಕ ಹಾಕುವಾಗ ನಿಮಗೆ ಆಸಕ್ತಿ ಹುಟ್ಟುತ್ತದೋ, ಆಕಳಿಕೆ ಬರುತ್ತದೋ ಅನ್ನುವುದೇ ಒಂದು ಒಳ್ಳೆಯ ಸೂಚನೆ.

ಇನ್ನು ಉಸಿರಾಡುವ ಗ್ಯಾಸ್. 50 ಮೀಟರಿನಲ್ಲಿ ಗಾಳಿ ಉಸಿರಾಡಿದರೆ ನೈಟ್ರೋಜನ್ ಅಮಲು ಏರುತ್ತದೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಅಷ್ಟಾಗಿ ಗೊತ್ತಿಲ್ಲದ್ದು ಗ್ಯಾಸಿನ ಸಾಂದ್ರತೆ. ಆಳ ಹೆಚ್ಚಿದ ಹಾಗೆ ಗಾಳಿ ದಪ್ಪವಾಗುತ್ತದೆ. ಶ್ವಾಸಕೋಶ ಅದನ್ನು ಒಳಗೆ ಎಳೆದು ಹೊರಗೆ ತಳ್ಳಲು ಒದ್ದಾಡುತ್ತದೆ. ಕಾರ್ಬನ್ ಡಯಾಕ್ಸೈಡ್ ಪೂರ್ತಿ ಹೊರಗೆ ಹೋಗುವುದಿಲ್ಲ, ದೇಹದಲ್ಲೇ ಉಳಿಯುತ್ತದೆ. ಅದು ಉಳಿದರೆ ಗಾಬರಿ ಹೆಚ್ಚುತ್ತದೆ, ಅಮಲು ಹೆಚ್ಚುತ್ತದೆ, ಉಸಿರು ಇನ್ನೂ ಜೋರಾಗುತ್ತದೆ. ಉಸಿರು ಜೋರಾದಷ್ಟೂ ಇನ್ನಷ್ಟು ಉಳಿಯುತ್ತದೆ. 2016ರಲ್ಲಿ ಗ್ಯಾವಿನ್ ಆಂಥನಿ ಮತ್ತು ಸೈಮನ್ ಮಿಚೆಲ್ ಎಂಬ ಸಂಶೋಧಕರು ಇದಕ್ಕೊಂದು ಮಿತಿ ಸೂಚಿಸಿದರು. ಲೀಟರಿಗೆ 5.2 ಗ್ರಾಂ ಒಳಗಿದ್ದರೆ ಒಳ್ಳೆಯದು, 6.2 ಗ್ರಾಂ ದಾಟಲೇಬಾರದು. ಗಾಳಿ 5.2 ಮುಟ್ಟುವುದು ಸುಮಾರು 31 ಮೀಟರಿನಲ್ಲಿ, 6.2 ಮುಟ್ಟುವುದು 39 ಮೀಟರಿನಲ್ಲಿ. ನಮ್ಮ 40 ಮೀಟರಿನ ಹಳೇ ಬೇಲಿ ಎಷ್ಟು ಸರಿಯಾದ ಜಾಗದಲ್ಲಿದೆ ನೋಡಿ.

ಇದಕ್ಕೆ ಪರಿಹಾರ ಹೀಲಿಯಂ. ಹರ್ಮಿಸ್‌ಗೆ 18/45 ಟ್ರೈಮಿಕ್ಸ್ ಅಂದರೆ 18 ಭಾಗ ಆಕ್ಸಿಜನ್, 45 ಭಾಗ ಹೀಲಿಯಂ, ಉಳಿದದ್ದು ನೈಟ್ರೋಜನ್. 50 ಮೀಟರಿನಲ್ಲಿ ಅದರ ಅಮಲು 23 ಮೀಟರಿನಲ್ಲಿ ಗಾಳಿ ಉಸಿರಾಡಿದಷ್ಟೇ. ಸಾಂದ್ರತೆಯೂ 5.2ರೊಳಗೆ ಬರುತ್ತದೆ. ಆದರೆ ಹೀಲಿಯಂ ತುಂಬಾ ದುಬಾರಿ. ನಮ್ಮ ದೇಶ ಬಹುಪಾಲು ಹೀಲಿಯಂ ಅನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. "ಅದೇನು, ನಾನು ಗಾಳಿಯಲ್ಲೇ 50 ಮುಟ್ಟಿ ಬಂದೆ, ಏನೂ ಆಗಲಿಲ್ಲ" ಅನ್ನುವವರು ಎಲ್ಲಾ ಊರಿನಲ್ಲೂ ಸಿಗುತ್ತಾರೆ. ಏನೂ ಕೆಡದ ದಿನ ಏನೂ ಆಗುವುದಿಲ್ಲ. ಕೆಟ್ಟ ದಿನಕ್ಕೆ ಬೇಕಾಗುವುದು ಸ್ಪಷ್ಟವಾದ ತಲೆ. ಗ್ಯಾಸಿನ ದುಡ್ಡು ಭಾರ ಅನ್ನಿಸಿದರೆ ಆ ಡೈವ್ ಬಿಡಿ, ಗ್ಯಾಸ್ ಬಿಡಬೇಡಿ.

ಈಗ ನಾನು ತುಂಬಾ ಮುಖ್ಯ ಅಂದುಕೊಂಡಿರುವ ಒಂದು ನಿಮಿಷವನ್ನು ಹತ್ತಿರದಿಂದ ನೋಡೋಣ. ಹರ್ಮಿಸ್ ಬಿಟ್ಟು ಮೇಲೆ ಬರುತ್ತಿದ್ದೀರಿ. 21 ಮೀಟರ್. ಎಡಗಡೆ ಪಕ್ಕೆಗೆ ಕ್ಲಿಪ್ ಹಾಕಿದ ಬಾಟಲಿಯಲ್ಲಿ 50 ಪರ್ಸೆಂಟ್ ಆಕ್ಸಿಜನ್ ಇದೆ. ಬಾಟಲಿಯ ಮೈಮೇಲೆ ಅಂಗೈ ಅಗಲದ ಅಕ್ಷರದಲ್ಲಿ 21 ಅಂತ ಅಂಟಿಸಿದ್ದಾರೆ. ಕತ್ತಿನ ಹತ್ತಿರ ಒಂದು ಟೇಪು. ಅದರಲ್ಲಿ ಬೆಳಿಗ್ಗೆ ಅಳೆದ ಪರ್ಸೆಂಟು, ತಾರೀಖು, ಅಳೆದವರ ಸಹಿ. ನೀವು ನಿಲ್ಲುತ್ತೀರಿ. ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆಳ ನೋಡುತ್ತೀರಿ. ಬಾಟಲಿಯ ಸಂಖ್ಯೆ ನೋಡುತ್ತೀರಿ. ವಾಲ್ವ್ ತೆರೆಯುತ್ತೀರಿ. ಬಾಯಿಗಿಟ್ಟು ಉಸಿರಾಡುವ ಅದರ ರೆಗ್ಯುಲೇಟರ್ ಬಿಡಿಸಿ ಕೈಯಲ್ಲಿ ಹಿಡಿದು, ಅದರ ಹೋಸನ್ನು ಬೆರಳಲ್ಲಿ ಸವರುತ್ತಾ ಬಾಟಲಿಯವರೆಗೆ ಹೋಗುತ್ತೀರಿ. ಕೈಯಲ್ಲಿರುವುದು ಈ ಬಾಟಲಿಯದ್ದೇ ಅಂತ ಖಚಿತವಾಗಬೇಕು. ಎದುರಿಗಿರುವ ಜೊತೆಗಾರ ಏನೂ ಮಾಡುತ್ತಿಲ್ಲ, ನಿಮ್ಮನ್ನೇ ನೋಡುತ್ತಿದ್ದಾನೆ. ಅವನೂ ಆ 21 ಓದಿ, ತನ್ನ ಆಳ ನೋಡಿ, ತಲೆಯಾಡಿಸುತ್ತಾನೆ. ಆಗ ಬಾಯಿಯಲ್ಲಿರುವುದನ್ನು ತೆಗೆದು ಹೊಸದನ್ನು ಇಟ್ಟುಕೊಳ್ಳುತ್ತೀರಿ. ಕೈಗೆ ಕಟ್ಟಿದ ಡೈವ್ ಕಂಪ್ಯೂಟರಿನಲ್ಲಿ ಗ್ಯಾಸ್ ಬದಲಾಯಿಸುತ್ತೀರಿ. ಈಗ ಅವನ ಸರದಿ, ನೀವು ನೋಡುವವರು.

ಯಾಕಿಷ್ಟು ಶಾಸ್ತ್ರ ಅಂತೀರಾ? ಅದೇ ಬಾಟಲಿಯನ್ನು ಮರೆತು 50 ಮೀಟರಿನಲ್ಲಿ ಬಾಯಿಗಿಟ್ಟರೆ ಆಕ್ಸಿಜನ್ ಒತ್ತಡ 3 ಬಾರ್ ಆಗುತ್ತದೆ. ವಿಶ್ರಾಂತಿಯಲ್ಲಿ ಡೆಕೊ ಮಾಡುವಾಗಲೂ ನಾವು 1.6 ದಾಟುವುದಿಲ್ಲ. ಹೆಚ್ಚಾದರೆ ಫಿಟ್ಸ್ ಬರಬಹುದು, ಕೆಲವೊಮ್ಮೆ ಯಾವ ಮುನ್ಸೂಚನೆಯೂ ಇಲ್ಲದೆ. ನೆಲದ ಮೇಲೆ ಫಿಟ್ಸ್ ಬಂದವರು ಸಾಮಾನ್ಯವಾಗಿ ಬದುಕುತ್ತಾರೆ. ನೀರಿನಲ್ಲಿ ರೆಗ್ಯುಲೇಟರ್ ಬಾಯಿಂದ ಜಾರುತ್ತದೆ. ಆಕ್ಸಿಜನ್ ಒತ್ತಡ ಹೆಚ್ಚಾದರೆ ವಿಷವಾಗುತ್ತದೆ ಅಂತ ಫ್ರಾನ್ಸಿನ ವಿಜ್ಞಾನಿ ಪಾಲ್ ಬೇರ್ 1878ರಲ್ಲೇ ಬರೆದಿಟ್ಟಿದ್ದಾರೆ. ಇವತ್ತಿಗೂ ಅನುಭವಸ್ಥರು ತಪ್ಪು ಬಾಟಲಿ ಬಾಯಿಗಿಟ್ಟು ಸಾಯುತ್ತಿದ್ದಾರೆ. ಗೊತ್ತಿಲ್ಲದೆ ಅಲ್ಲ, ಒಂದು ಸಲ ಮಾತ್ರ ಆ ಶಾಸ್ತ್ರ ಬಿಟ್ಟಿದ್ದಕ್ಕೆ.

ನಾನು ವಿವರಿಸಿದ ಆ ನಿಮಿಷದಲ್ಲಿ ನಿಮ್ಮ ಎರಡೂ ಕೈಗೆ ಕೆಲಸ ಇತ್ತು, ಕಣ್ಣಿಗೆ ಕೆಲಸ ಇತ್ತು. ಹಾಗಿದ್ದರೂ ನೀವು 21 ಮೀಟರಿನಲ್ಲಿ ಕದಲದೆ ನಿಂತಿದ್ದಿರಿ. ಅಲ್ಲೇ ಇದೆ ನಿಜವಾದ ಅರ್ಹತೆ. 25 ಡೈವ್ ಆದವರನ್ನು ಸೇರಿಸಿಕೊಳ್ಳುವ ಟೆಕ್ ಕೋರ್ಸ್‌ಗಳಿವೆ. ನನ್ನ ಲೆಕ್ಕದಲ್ಲಿ ಡೈವ್‌ಗಳ ಸಂಖ್ಯೆ ಏನನ್ನೂ ಹೇಳುವುದಿಲ್ಲ. ಗೈಡ್ ಹಿಂದೆ ಸಾಲಾಗಿ ಹೋಗಿ ಬಂದ 200 ಡೈವ್ ಕೂಡ ಏನೂ ಕಲಿಸದೇ ಇರಬಹುದು.

ನಿಮ್ಮನ್ನು ನೀವೇ ನೋಡಿಕೊಳ್ಳಲು ಒಂದು ಪರೀಕ್ಷೆ ಹೇಳುತ್ತೇನೆ. ಮುಂದಿನ ಸಲ ನೇತ್ರಾಣಿಗೆ ಹೋದಾಗ, ನಿಮ್ಮ ಗೈಡ್‌ಗೆ ಮೊದಲೇ ತಿಳಿಸಿ, ಡೈವ್ ಕೊನೆಯಲ್ಲಿ 5 ಮೀಟರಿನಲ್ಲಿ ನಿಲ್ಲಿ. ಹಗ್ಗ ಕಣ್ಣಿಗೆ ಕಾಣುತ್ತಿರಲಿ, ಆದರೆ ಮುಟ್ಟಬೇಡಿ. ದೇಹ ಅಡ್ಡಡ್ಡ ಇರಲಿ. ಫಿನ್ ಆಡಿಸದೆ ಹತ್ತು ನಿಮಿಷ. ಅರ್ಧ ಮೀಟರಿಗಿಂತ ಜಾಸ್ತಿ ಮೇಲೆ ಕೆಳಗೆ ಆಗಬಾರದು. ಅದು ಬಂದರೆ, ಮಾಸ್ಕ್ ತೆಗೆದು ಮತ್ತೆ ಹಾಕಿಕೊಳ್ಳಿ. ಹಾಕಿಕೊಂಡ ಮೇಲೆ ಆಳ ಎಷ್ಟಿದೆ ನೋಡಿ. ಮೂರಕ್ಕೆ ಏರಿದ್ದರೆ ಅಥವಾ ಏಳಕ್ಕೆ ಇಳಿದಿದ್ದರೆ ಬೇಸರ ಬೇಡ. ಏನು ಅಭ್ಯಾಸ ಮಾಡಬೇಕು ಅಂತ ಗೊತ್ತಾಯಿತಲ್ಲ, ಅಷ್ಟು ಸಾಕು. ಬೆಂಗಳೂರಿನ ಈಜುಕೊಳದಲ್ಲೇ ಅದನ್ನು ಕಲಿಯಬಹುದು.

ಡೆಕೊ ಬಗ್ಗೆ ಎರಡು ಮಾತು. 18 ಮೀಟರಿನಲ್ಲಿ ಗಾಳಿ ಉಸಿರಾಡುತ್ತಾ 56 ನಿಮಿಷ ಇರಬಹುದು ಅಂತ ಡೈವಿಂಗ್ ತರಬೇತಿ ಸಂಸ್ಥೆ ಪ್ಯಾಡಿಯ ಟೇಬಲ್ ಹೇಳುತ್ತದೆ. 30ರಲ್ಲಿ 20 ನಿಮಿಷ. 40ರಲ್ಲಿ 9 ನಿಮಿಷ. ಅದನ್ನು ದಾಟಿದರೆ ರಕ್ತ, ಮಾಂಸದಲ್ಲಿ ಕರಗಿದ ಗ್ಯಾಸ್ ನಿಮ್ಮನ್ನು ನೇರ ಮೇಲೆ ಬಿಡುವುದಿಲ್ಲ. ಹರ್ಮಿಸ್‌ನಲ್ಲಿ 20 ನಿಮಿಷ ಕಳೆದರೆ ಅರ್ಧ ಗಂಟೆಯ ಆಸುಪಾಸು ನಿಂತು ನಿಂತು ಬರಬೇಕು. ಈ ನಿಲುಗಡೆಗಳ ಲೆಕ್ಕಕ್ಕೆ ಅಡಿಪಾಯ ಹಾಕಿದ್ದು ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್. ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪ್ರಯೋಗ ಮಾಡಿ 1908ರಲ್ಲಿ ಪ್ರಕಟಿಸಿದರು. ನಮ್ಮ ಕೈಯಲ್ಲಿರುವ ಕಂಪ್ಯೂಟರಿನ ಲೆಕ್ಕ ಆ ವಂಶದ್ದೇ. ಆದರೆ ಅದು ನಿಮ್ಮ ರಕ್ತವನ್ನು ನೋಡುತ್ತಿಲ್ಲ, ಆಳ ಮತ್ತು ಸಮಯ ಮಾತ್ರ ನೋಡುತ್ತಿದೆ. ಎಲ್ಲವನ್ನೂ ಪಾಲಿಸಿದವರಿಗೂ ಬೆಂಡ್ಸ್, ಅಂದರೆ ಕರಗಿದ ಗ್ಯಾಸ್ ದೇಹದಲ್ಲಿ ಗುಳ್ಳೆಯಾಗಿ ಬರುವ ಕಾಯಿಲೆ, ಬಂದಿದೆ. ಅದನ್ನು ಒಪ್ಪಿಕೊಂಡೇ ಹೋಗಬೇಕು.

ದೇಹದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನಾಲ್ಕು ಜನರಲ್ಲಿ ಒಬ್ಬರ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ, ಹುಟ್ಟಿದ ಮೇಲೆ ಮುಚ್ಚಬೇಕಾಗಿದ್ದ ಸಣ್ಣ ಕಂಡಿ ಹಾಗೇ ಉಳಿದಿರುತ್ತದೆ. ಪಿಎಫ್‌ಒ ಅಂತಾರೆ. ದಿನನಿತ್ಯದ ಬದುಕಿಗೆ ತೊಂದರೆಯಿಲ್ಲ. ಡೆಕೊ ಡೈವ್‌ನಲ್ಲಿ ಗುಳ್ಳೆಗಳು ಶ್ವಾಸಕೋಶದ ಸೋಸುವಿಕೆ ತಪ್ಪಿಸಿಕೊಂಡು ಆ ಕಂಡಿಯಿಂದ ಇನ್ನೊಂದು ಕಡೆ ನುಗ್ಗಿ ಮೆದುಳು, ಬೆನ್ನುಹುರಿಗೆ ಹೋಗಬಹುದು. ಎಲ್ಲರೂ ಪರೀಕ್ಷೆ ಮಾಡಿಸಲೇಬೇಕು ಅಂತಲ್ಲ. ಆದರೆ ಸಾಧಾರಣ ಡೈವ್ ಆದ ಮೇಲೆ ಚರ್ಮದ ಮೇಲೆ ಅಮೃತಶಿಲೆಯಂಥ ಕೆಂಪು ಕಲೆ, ತಲೆಸುತ್ತು, ಕಣ್ಣು ಮಂಜಾಗುವುದು ಎಂದಾದರೂ ಆಗಿದ್ದರೆ, ಟೆಕ್ ಕೋರ್ಸ್‌ಗೆ ದುಡ್ಡು ಕಟ್ಟುವ ಮುಂಚೆ ಡೈವಿಂಗ್ ಗೊತ್ತಿರುವ ಡಾಕ್ಟರನ್ನು ಕಾಣಿ.

ನಡುವೆ ನಿಂತವರ ಅಪಾಯ ಅಂತ ಮೊದಲೇ ಹೇಳಿದೆ. ಅದಕ್ಕೊಂದು ಊರಿದೆ. ಈಜಿಪ್ಟಿನ ಸಿನಾಯ್ ತೀರದ ದಹಬ್. ಅಲ್ಲಿಯ ಬ್ಲೂ ಹೋಲ್ ದಡದಿಂದ ನಡೆದೇ ಇಳಿಯಬಹುದಾದ ನೀಲಿ ಬಾವಿ. ಸುಮಾರು 55 ಮೀಟರಿನಲ್ಲಿ ಒಂದು ಕಮಾನು ಇದೆ. ಅದರಲ್ಲಿ ನುಸುಳಿದರೆ ಹೊರಗಿನ ಕೆಂಪು ಸಮುದ್ರಕ್ಕೆ ಹೋಗಬಹುದು. ಆಚೆ ಕಡೆಯಿಂದ ಬೆಳಕು ಬರುವುದರಿಂದ ಕಮಾನು ಹತ್ತಿರದಲ್ಲೇ ಇದ್ದ ಹಾಗೆ, ದಾರಿ ಚಿಕ್ಕದಾಗಿದ್ದ ಹಾಗೆ ಕಾಣುತ್ತದೆ. ನಿಜದಲ್ಲಿ 25 ಮೀಟರಿಗಿಂತ ಉದ್ದ. ಟ್ರೈಮಿಕ್ಸ್, ಟ್ವಿನ್‌ಸೆಟ್ ತೆಗೆದುಕೊಂಡು ಕಲಿತವರು ಅದನ್ನು ದಾಟಿ ಬರುತ್ತಾರೆ. ಒಂದೇ ಟ್ಯಾಂಕು ಗಾಳಿ ಹೊತ್ತು, "ಒಂದು ಸಲ ತಾನೇ" ಅಂತ ಇಳಿದವರ ಹೆಸರುಗಳನ್ನು ದಡದ ಬಂಡೆಯ ಮೇಲೆ ಫಲಕಗಳಾಗಿ ಹಾಕಿದ್ದಾರೆ. ಹೆಚ್ಚಿನವರು ಯುವಕರು. ಅವರ ಮನೆಯವರು, ಗೆಳೆಯರು ಹಾಕಿಸಿದ ಫಲಕಗಳು ಅವು. ನನಗೆ ಈ ವಿಷಯ ಬಂದಾಗ ಸಮಾಧಾನವಾಗಿ ಮಾತಾಡಲು ಆಗುವುದಿಲ್ಲ. ಆ ಸಾವುಗಳಿಗೆ ಆಳ ಕಾರಣವಲ್ಲ. ಆ ಆಳಕ್ಕೆ ಬೇಕಾದ ಗ್ಯಾಸ್ ಇರಲಿಲ್ಲ, ತಲೆ ಸ್ಪಷ್ಟವಾಗಿರಲಿಲ್ಲ, ಬೇಡ ಅನ್ನುವ ಜೊತೆಗಾರ ಇರಲಿಲ್ಲ.

ಹರ್ಮಿಸ್‌ಗೂ ಒಂದೇ ಟ್ಯಾಂಕಿನಲ್ಲಿ ಕರೆದುಕೊಂಡು ಹೋಗುವವರು ಸಿಗಬಹುದು. ಸಿಕ್ಕರೆ ಒಪ್ಪಿಕೊಳ್ಳಬೇಡಿ. ನಿಮ್ಮ ಕಾರ್ಡು ಹೇಳುವ ಆಳಕ್ಕಿಂತ ಕೆಳಗೆ ಯಾರು ಕರೆದರೂ, ಎಷ್ಟು ಅನುಭವಸ್ಥರು ಕರೆದರೂ.

ಹಾಗಾದರೆ ಯಾರು ಹೋಗಬೇಕು? ಹರ್ಮಿಸ್ ನೋಡಬೇಕು ಅಂತ ಬಂದವರನ್ನು ಕಂಡರೆ ಖುಷಿ ಅಂದೆ. ಅವರ ಆಸೆಗೆ ಒಂದು ಜಾಗ ಇದೆ. ಆ ಜಾಗಕ್ಕೆ ಏನು ಬೇಕೋ ಅದನ್ನು ಕಲಿಯುತ್ತಾರೆ, ಆ ಜಾಗ ಸಿಗುವವರೆಗೆ ಕಾಯುತ್ತಾರೆ. ಮೆಕ್ಸಿಕೋದ ಸೆನೋಟೆ ಎಂಬ ನೀರು ತುಂಬಿದ ಗುಹೆಗಳನ್ನು ಒಳಗಿನಿಂದ ನೋಡುವ ಹಂಬಲ, ಮುಳುಗಿದ ಹಡಗಿನ ಚರಿತ್ರೆಯ ಹುಚ್ಚು, ಆಳದ ಜೀವಿಗಳ ಅಧ್ಯಯನ, ಎಲ್ಲವೂ ಒಳ್ಳೆಯ ಕಾರಣಗಳೇ. "60 ಮುಟ್ಟಬೇಕು" ಅನ್ನುವವರ ಆಸೆಗೆ ಜಾಗ ಇಲ್ಲ, ಸಂಖ್ಯೆ ಮಾತ್ರ ಇದೆ. 60 ಮುಟ್ಟಿದ ದಿನವೇ 70 ಎದುರಿಗೆ ಬಂದು ನಿಲ್ಲುತ್ತದೆ.

ಸ್ವಭಾವವೂ ಮುಖ್ಯ. ಆರು ತಿಂಗಳು ತಯಾರಿ ಮಾಡಿ, ಊರು ಬಿಟ್ಟು ಹೋಗಿ, ದೋಣಿಯಲ್ಲಿ ಸಾಮಾನು ಹಾಕಿಕೊಂಡ ಮೇಲೆ "ಇವತ್ತು ನನಗೆ ಸರಿ ಅನ್ನಿಸ್ತಿಲ್ಲ, ಬೇಡ" ಅಂತ ಹೇಳಲು ನಿಮಗೆ ಆಗುತ್ತದಾ? ಜೊತೆಗಾರ ಹಾಗೆ ಹೇಳಿದಾಗ ಮುಖ ಸಣ್ಣ ಮಾಡದೆ ಸರಿ ಅನ್ನಲು ಆಗುತ್ತದಾ? ಟೆಕ್ ಡೈವಿಂಗ್‌ನಲ್ಲಿ ಯಾರು ಯಾವ ಕ್ಷಣದಲ್ಲಿ ಬೇಡ ಅಂದರೂ ಡೈವ್ ಮುಗಿಯಿತು. ಕಾರಣ ಕೇಳುವಂತಿಲ್ಲ.

ದುಡ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ವಿನ್‌ಸೆಟ್, ಎರಡೆರಡು ರೆಗ್ಯುಲೇಟರ್, ಎರಡು ಕಂಪ್ಯೂಟರ್, ಡೆಕೊ ಬಾಟಲಿ ಎಲ್ಲಾ ಸೇರಿದರೆ ಲಕ್ಷಗಳಲ್ಲಿ ಆಗುತ್ತದೆ. ಅದಕ್ಕಿಂತ ಕಷ್ಟದ್ದು ಸಮಯ. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಡೈವಿಂಗ್ ನಿಂತುಹೋಗುತ್ತದೆ. ಕೈಯನ್ನು ಬೆನ್ನ ಹಿಂದೆ ಹಾಕಿ ಸೋರುತ್ತಿರುವ ವಾಲ್ವ್ ಮುಚ್ಚುವ ಅಭ್ಯಾಸ ನಾಲ್ಕು ತಿಂಗಳು ಬಿಟ್ಟರೆ ಮರೆತುಹೋಗುತ್ತದೆ. ವರ್ಷಕ್ಕೊಂದು ರಜೆಯಲ್ಲಿ ಮಾತ್ರ ಡೈವ್ ಮಾಡುವವರು ಟೆಕ್‌ಗೆ ಹೋಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಲಿಯಬಹುದು, ಉಳಿಸಿಕೊಳ್ಳಲಾಗುವುದಿಲ್ಲ.

ಇನ್ನೊಂದು ನಮ್ಮವರು ಗಮನಿಸಬೇಕಾದದ್ದು. ಸಮುದ್ರ ಬಿಟ್ಟು ಬೆಂಗಳೂರಿಗೆ ಬರುವುದೆಂದರೆ ಘಾಟಿ ಹತ್ತಿ 900 ಮೀಟರ್ ಎತ್ತರಕ್ಕೆ ಬಂದ ಹಾಗೆ. ವಿಮಾನ ಹತ್ತುವ ಮುಂಚೆ ಒಂದು ಡೈವ್‌ಗೆ 12 ಗಂಟೆ, ಹಲವು ಡೈವ್‌ಗಳಿಗೆ 18 ಗಂಟೆ ಕಾಯಿರಿ ಅಂತ ಡೈವರ್‌ಗಳ ಸುರಕ್ಷತಾ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುತ್ತದೆ. ಡೆಕೊ ಡೈವ್ ಆದರೆ 18ಕ್ಕಿಂತ ಸಾಕಷ್ಟು ಹೆಚ್ಚು. ಸುಮಾರು 600 ಮೀಟರ್ ಎತ್ತರದಿಂದಲೇ ಆ ಸಲಹೆ ಅನ್ವಯಿಸುತ್ತದೆ. ಸಂಜೆ ಡೈವ್ ಮುಗಿಸಿ ರಾತ್ರಿ ಬಸ್ಸು ಹತ್ತುವ ಅಭ್ಯಾಸ ಮಾಮೂಲಿ ಡೈವ್‌ಗೇ ಒಳ್ಳೆಯದಲ್ಲ. ಹಾಗೆಯೇ ಎಲ್ಲಿ ಡೈವ್ ಮಾಡುತ್ತೀರೋ ಅಲ್ಲಿಗೆ ಹತ್ತಿರದ, ಕೆಲಸ ಮಾಡುತ್ತಿರುವ ರೀಕಂಪ್ರೆಷನ್ ಚೇಂಬರ್ (ಬೆಂಡ್ಸ್‌ಗೆ ಚಿಕಿತ್ಸೆ ಕೊಡುವ ಒತ್ತಡದ ಕೋಣೆ) ಎಲ್ಲಿದೆ, ಅವರು ಡೈವರ್‌ಗಳನ್ನು ತೆಗೆದುಕೊಳ್ಳುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಆಸ್ಪತ್ರೆಯ ಚೇಂಬರ್‌ಗಳೆಲ್ಲ ತೆಗೆದುಕೊಳ್ಳುವುದಿಲ್ಲ.

ಶೆಕ್ ಎಕ್ಸ್‌ಲಿ ಅಂತ ಫ್ಲಾರಿಡಾದ ಗುಹೆ ಡೈವರ್ ಇದ್ದರು. 1979ರಲ್ಲಿ ಅವರು ಗುಹೆಗಳಲ್ಲಿ ಸತ್ತವರ ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿ ಪುಟ್ಟ ಕೈಪಿಡಿ ಬರೆದರು. ಹೊರಗಿನವರೆಗೆ ದಾರಿಯ ದಾರ ಇರಲಿಲ್ಲ, ವಾಪಸ್ ಬರಲು ಮೂರನೇ ಎರಡು ಭಾಗ ಗಾಳಿ ಉಳಿಸಿರಲಿಲ್ಲ, ಗಾಳಿಯಲ್ಲಿ ತುಂಬಾ ಆಳಕ್ಕೆ ಹೋಗಿದ್ದರು. ಮತ್ತೆ ಮತ್ತೆ ಇವೇ ಕಾರಣಗಳು. ಇವತ್ತಿನ ಟೆಕ್ ಡೈವಿಂಗ್ ನಿಂತಿರುವುದು ಅಂಥ ಪ್ರಾಮಾಣಿಕ ಲೆಕ್ಕದ ಮೇಲೆ. 1994ರಲ್ಲಿ ಮೆಕ್ಸಿಕೋದ ಸಕಟೋನ್ ಎಂಬ ಆಳದ ಹೊಂಡದ ತಳ ಮುಟ್ಟಲು ಹೋಗಿ ಎಕ್ಸ್‌ಲಿ ಕೂಡ ತೀರಿಕೊಂಡರು. ಆಗ ಆ ಕೆಲಸದಲ್ಲಿ ಅವರಿಗಿಂತ ಅನುಭವ ಇದ್ದವರು ಕಡಿಮೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಆ ಕಡೆಗೆ ಹೊರಟವರು ಇದನ್ನು ತಿಳಿದೇ ಹೊರಡಬೇಕು.

ಬೇಡ ಅಂತ ತೀರ್ಮಾನಿಸಿದವರಿಗೆ ಏನು ಕಡಿಮೆಯಾಯಿತು? ಹವಳಕ್ಕೆ ಬಿಸಿಲು ಬೇಕು. ಆದ್ದರಿಂದ ಬಣ್ಣ, ಮೀನು, ಗದ್ದಲ ಎಲ್ಲಾ ಮೇಲಿನ 30 ಮೀಟರಿನಲ್ಲೇ ಹೆಚ್ಚು. ನೈಟ್ರಾಕ್ಸ್, ಅಂದರೆ ಆಕ್ಸಿಜನ್ ಹೆಚ್ಚಿರುವ ಗಾಳಿಯ, ಕೋರ್ಸ್ ಮಾಡಿ. 32 ಪರ್ಸೆಂಟ್ ನೈಟ್ರಾಕ್ಸ್‌ನಲ್ಲಿ 30 ಮೀಟರಿನ 20 ನಿಮಿಷ 30 ಆಗುತ್ತದೆ. ಮೀನುಗಳ ಹೆಸರು ಕಲಿಯಿರಿ, ಕ್ಯಾಮೆರಾ ಕಲಿಯಿರಿ, ಹೊಸಬರ ಒಳ್ಳೆಯ ಜೊತೆಗಾರರಾಗಿ. ಟೆಕ್ ಡೈವರ್‌ಗಳ ಹಾಗೆ ಗ್ಯಾಸಿನ ಲೆಕ್ಕ ಹಾಕಿ 25 ಮೀಟರಿನಲ್ಲಿ ಡೈವ್ ಮಾಡುವವರು ನನಗೆ ತುಂಬಾ ಇಷ್ಟ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಮೂರನ್ನು ಇಲ್ಲಿ ಸೇರಿಸುತ್ತಿದ್ದೇನೆ.

"ಸರ್, ಟ್ವಿನ್‌ಸೆಟ್ ಬಿಟ್ಟು ನೇರವಾಗಿ ರಿಬ್ರೀದರ್ ಕಲಿಯಬಹುದಾ?" ಅಂತ ಒಬ್ಬರು ಕೇಳಿದರು. ಬಿಟ್ಟ ಉಸಿರನ್ನೇ ಶುದ್ಧ ಮಾಡಿ, ಆಕ್ಸಿಜನ್ ಸೇರಿಸಿ ಮತ್ತೆ ಉಸಿರಾಡಲು ಕೊಡುವ ಯಂತ್ರ ಅದು. ಹಾಗೆ ಕಲಿಸುವವರಿದ್ದಾರೆ. ಗ್ಯಾಸ್ ಖರ್ಚು ಕಡಿಮೆ, ಗುಳ್ಳೆ ಇಲ್ಲ, ಆಕರ್ಷಣೆ ನಿಜ. ಆದರೆ ಮಾಮೂಲಿ ರೆಗ್ಯುಲೇಟರ್ ಕೆಟ್ಟರೆ ಗುಳ್ಳೆ ಬರುತ್ತದೆ, ಸದ್ದಾಗುತ್ತದೆ, ಗೊತ್ತಾಗುತ್ತದೆ. ರಿಬ್ರೀದರ್ ಸದ್ದಿಲ್ಲದೆ ಕೆಡಬಹುದು. ಒಳಗೆ ಆಕ್ಸಿಜನ್ ಕಡಿಮೆಯಾದರೆ ಉಸಿರು ಕಟ್ಟಿದ ಹಾಗೆ ಅನ್ನಿಸುವುದೇ ಇಲ್ಲ, ಸುಮ್ನೆ ಎಚ್ಚರ ತಪ್ಪುತ್ತದೆ. ಚೆಕ್‌ಲಿಸ್ಟ್ ಪ್ರತಿ ಸಲ ಒಂದಕ್ಷರ ಬಿಡದೆ ಓದುವವರಿಗೆ ಮಾತ್ರ ಅದು. ಆ ಅಭ್ಯಾಸ ಬರುವವರೆಗೆ ಟ್ವಿನ್‌ಸೆಟ್‌ನಲ್ಲೇ ಇರಿ.

ಇನ್ನೊಬ್ಬ ಮೇಡಂ ಕೇಳಿದರು: "ನಾನೂ ನಮ್ಮ ಯಜಮಾನ್ರೂ ಯಾವಾಗ್ಲೂ ಒಟ್ಟಿಗೆ ಡೈವ್ ಮಾಡ್ತೀವಿ. ನನಗೆ ಟೆಕ್ ಆಸೆ ಇದೆ, ಅವರಿಗಿಲ್ಲ. ಏನು ಮಾಡ್ಲಿ?" ಅವರನ್ನು ಎಳೆದುಕೊಂಡು ಹೋಗಬೇಡಿ ಮೇಡಂ. ಮನೆಯವರ ಖುಷಿಗೆ ಟೆಕ್‌ಗೆ ಬಂದವರು ಬೇಡ ಅನ್ನಬೇಕಾದಾಗ ಬೇಡ ಅನ್ನುವುದಿಲ್ಲ. ನೀವು ಬೇರೆ ತಂಡ ಕಟ್ಟಿಕೊಳ್ಳಿ. ಅವರ ಜೊತೆಗಿನ 20 ಮೀಟರಿನ ಡೈವ್‌ಗಳನ್ನೂ ಬಿಡಬೇಡಿ. ಹೊರಡುವ ಮುಂಚೆ ಅವರಿಗೆ ನಿಮ್ಮ ಪ್ಲಾನ್ ಪೂರ್ತಿ ತೋರಿಸಿ. ಎಷ್ಟು ಆಳ, ಎಷ್ಟು ಹೊತ್ತು, ಏನು ಕೆಡಬಹುದು, ಇನ್ಶೂರೆನ್ಸ್ ಕಾಗದ ಎಲ್ಲಿದೆ. ಮನೆಯಲ್ಲಿ ಮುಚ್ಚಿಟ್ಟು ಮಾಡಬೇಕಾದ ಡೈವ್ ಆದರೆ ಅದನ್ನು ಮಾಡಬೇಡಿ.

ಕೊನೆಯದಾಗಿ, ಮೊದಲು ಯಾವ ಕೋರ್ಸ್, ಯಾರ ಹತ್ತಿರ ಅಂತ ಒಬ್ಬ ಹುಡುಗ ಕೇಳಿದ. ಹೊಸ ಆಳಕ್ಕೆ ಕರೆದೊಯ್ಯದ ಕೋರ್ಸಿನಿಂದ ಶುರು ಮಾಡಪ್ಪಾ. ಟಿಡಿಐ ಅನ್ನುವ ತರಬೇತಿ ಸಂಸ್ಥೆಯ ಇಂಟ್ರೋ ಟು ಟೆಕ್, ಜಿಯುಇ ಅನ್ನುವ ಸಂಸ್ಥೆಯ ಫಂಡಮೆಂಟಲ್ಸ್ ಅಂಥವು. ಅಲ್ಲಿ ಮಾಮೂಲಿ ಆಳದಲ್ಲೇ ನಿಲ್ಲುವುದು, ಗ್ಯಾಸಿನ ಲೆಕ್ಕ, ವಾಲ್ವ್ ಮುಚ್ಚುವುದು, ತಂಡವಾಗಿ ಕೆಲಸ ಮಾಡುವುದು ಕಲಿಸುತ್ತಾರೆ. ವಿಡಿಯೋ ತೆಗೆದು ತೋರಿಸುವ ಶಿಕ್ಷಕರಾದರೆ ಇನ್ನೂ ಒಳ್ಳೆಯದು. ಅವರನ್ನು ಎರಡು ಪ್ರಶ್ನೆ ಕೇಳು. ಕಲಿಸದೇ ಇರುವಾಗಲೂ ನೀವು ಇಂಥ ಡೈವ್ ಮಾಡ್ತೀರಾ? ಪಾಸಾಗದೆ ವಾಪಸ್ ಹೋದವರಿದ್ದಾರಾ? ಎರಡನೇದಕ್ಕೆ "ಯಾರೂ ಇಲ್ಲ, ಎಲ್ಲರೂ ಪಾಸು" ಅಂದರೆ ಬೇರೆ ಶಿಕ್ಷಕರನ್ನು ಹುಡುಕು. ಕೋರ್ಸ್ ಮುಗಿದ ಮೇಲೆ ಒಂದು ಸೀಸನ್ ಪೂರ್ತಿ ಅದೇ ಸಾಮಾನು ಹಾಕಿಕೊಂಡು 30 ಮೀಟರಿನೊಳಗೆ ಡೈವ್ ಮಾಡು. ಆಗಲೂ ಹರ್ಮಿಸ್ ನೋಡುವ ಆಸೆ ಹಾಗೇ ಇದ್ದರೆ ಡೆಕೊ ಕೋರ್ಸಿಗೆ ದುಡ್ಡು ಕಟ್ಟು.